ಮೆಡಿಕಲ್ ಶಾಪ್‌ನಿಂದ ಸ್ಯಾಂಪಲ್ ಒಯ್ದರೆ ಮುಂದೇನು?

ಡ್ರಗ್ ಇನ್‌ಸ್ಪೆಕ್ಟರ್ ಬಂದು ಯಾವುದೋ ಮಾತ್ರೆಯ ಸ್ಯಾಂಪಲ್ ತೆಗೆದುಕೊಂಡು ಹೋಗುತ್ತಾರೆ. ಅಂಗಡಿಯವರು ಅದನ್ನು ಮರೆತೇ ಬಿಟ್ಟಿರುವಾಗ ‘ಗುಣಮಟ್ಟ ಸರಿಯಿಲ್ಲ’ ಎಂಬ ಸರ್ಕಾರಿ ಪ್ರಯೋಗಾಲಯದ ವರದಿ ಕೈಗೆ ಬರುತ್ತದೆ. ‘ತಯಾರಿಸಿದ್ದು ಕಂಪನಿ, ನಮಗೇನು?’ ಎಂದು ಸುಮ್ನೆ ಕೂತವರು ಕೋರ್ಟಿನ ಸಮನ್ಸ್ ಬಂದ ಮೇಲೆ ವಕೀಲರ ಬಳಿ ಓಡುತ್ತಾರೆ. ಅಷ್ಟರಲ್ಲಿ ಮುಖ್ಯವಾದ ಗಡುವೇ ದಾಟಿರುತ್ತದೆ.

ಮೊದಲು, ಸ್ಯಾಂಪಲ್ ತೆಗೆಯುವ ದಿನ. ಅಡ್ಡಿ ಮಾಡಬೇಡಿ. 1940ರ ಔಷಧ ಮತ್ತು ಕಾಂತಿವರ್ಧಕ ಕಾಯ್ದೆಯ 22ನೇ ಕಲಂ ಅವರಿಗೆ ಆ ಅಧಿಕಾರ ಕೊಟ್ಟಿದೆ. ಆದರೆ ಹೇಗೆ ತೆಗೆಯಬೇಕು ಎಂಬುದನ್ನು 23ನೇ ಕಲಂ ಹೇಳುತ್ತದೆ. ಸ್ಯಾಂಪಲ್ ತೆಗೆಯುತ್ತಿರುವುದನ್ನು ತಿಳಿಸುವ ಫಾರಂ 17 ನಿಮಗೆ ಕೊಡಬೇಕು. ಔಷಧದ ನ್ಯಾಯವಾದ ಬೆಲೆ ಕೊಡಲು ಮುಂದಾಗಬೇಕು. ಸ್ಯಾಂಪಲನ್ನು ನಿಮ್ಮ ಕಣ್ಣೆದುರೇ ನಾಲ್ಕು ಭಾಗ ಮಾಡಿ ಸೀಲ್ ಹಾಕಬೇಕು. ನಿಮ್ಮ ಸೀಲನ್ನೂ ಹಾಕಬಹುದು, ಹಾಕಿ. ಒಂದು ಭಾಗ ನಿಮ್ಮದು. ಅದನ್ನು ಒಡೆಯದೆ, ಲೇಬಲ್‌ನಲ್ಲಿ ಹೇಳಿದ ತಾಪಮಾನದಲ್ಲೇ ಎತ್ತಿಡಿ.

ಅಂದೇ ಪರ್ಚೇಸ್ ಬಿಲ್ ಹುಡುಕಿ. ಅದರಲ್ಲಿರುವ ಬ್ಯಾಚ್ ನಂಬರ್ ಸ್ಟ್ರಿಪ್‌ನ ಮೇಲಿನ ನಂಬರಿಗೆ ಅಕ್ಷರಶಃ ತಾಳೆಯಾಗುತ್ತದೆಯೇ, ಡಿಸ್ಟ್ರಿಬ್ಯೂಟರ್‌ನ ಲೈಸೆನ್ಸ್ ನಂಬರ್ ಇದೆಯೇ ನೋಡಿ. ಇಡೀ ಕೇಸು ನಿಲ್ಲುವುದು ಈ ಒಂದು ಕಾಗದದ ಮೇಲೆ. ಯಾಕೆಂದರೆ 19ನೇ ಕಲಮಿನ 3ನೇ ಉಪಕಲಂ ಮಾರಾಟಗಾರರನ್ನು ಕಾಪಾಡುತ್ತದೆ, ಆದರೆ ಮೂರು ವಿಷಯ ನೀವೇ ಸಾಬೀತು ಮಾಡಬೇಕು. ಲೈಸೆನ್ಸ್ ಇರುವವರಿಂದಲೇ ಕೊಂಡಿದ್ದೀರಿ. ದೋಷ ನಿಮಗೆ ಗೊತ್ತಿರಲಿಲ್ಲ, ಎಚ್ಚರ ವಹಿಸಿದ್ದರೂ ಗೊತ್ತಾಗುತ್ತಿರಲಿಲ್ಲ. ಔಷಧವನ್ನು ಸರಿಯಾಗಿ ಇಟ್ಟಿದ್ದೀರಿ, ಬಂದ ಹಾಗೆಯೇ ಇದೆ. ಇನ್ಸುಲಿನ್ ಮಾರುವವರು ಫ್ರಿಜ್‌ನ ತಾಪಮಾನ 2ರಿಂದ 8 ಡಿಗ್ರಿಯೊಳಗೆ ಇದೆ ಎಂದು ದಿನಾ ಬರೆದಿಟ್ಟರೆ ಮೂರನೆಯದಕ್ಕೆ ಅದೇ ಸಾಕ್ಷಿ. ಬಿಲ್ ಇಲ್ಲದೆ ಅಗ್ಗಕ್ಕೆ ಸಿಗುವ ಮಾಲು ಈ ರಕ್ಷಣೆಯನ್ನೇ ಕಳೆಯುತ್ತದೆ, ದಯವಿಟ್ಟು ಮುಟ್ಟಬೇಡಿ.

ವರದಿ ಬಂತು ಅಂದುಕೊಳ್ಳಿ. ಕೈಗೆ ಸಿಕ್ಕ ದಿನಾಂಕವನ್ನು ಅದರ ಮೇಲೇ ಬರೆದು ಆ ವಾರವೇ ವಕೀಲರನ್ನು ಕಾಣಿ. ವರದಿ ಒಪ್ಪುವುದಿಲ್ಲ, ವಿರುದ್ಧ ಸಾಕ್ಷ್ಯ ಕೊಡುತ್ತೇವೆ ಎಂದು 28 ದಿನದೊಳಗೆ ಇನ್‌ಸ್ಪೆಕ್ಟರ್‌ಗೆ ಅಥವಾ ಕೋರ್ಟಿಗೆ ಲಿಖಿತವಾಗಿ ತಿಳಿಸಬೇಕು. ಫೋನಿನಲ್ಲಿ ಹೇಳಿದರೆ ನಡೆಯುವುದಿಲ್ಲ. ಹಾಗೆ ತಿಳಿಸಿದರೆ ಕೋರ್ಟು ಆ ನಾಲ್ಕರಲ್ಲಿ ತನ್ನ ಬಳಿಯಿರುವ ಭಾಗವನ್ನು ಕೇಂದ್ರೀಯ ಔಷಧ ಪ್ರಯೋಗಾಲಯಕ್ಕೆ ಕಳಿಸಬಹುದು. ಅಲ್ಲಿಯ ವರದಿಯೇ ಅಂತಿಮ. ಗಡುವು ಬಿಟ್ಟರೆ ಮೊದಲ ವರದಿಯೇ ಗಟ್ಟಿ. ಇನ್‌ಸ್ಪೆಕ್ಟರ್ ಕೇಳಿದಾಗ ಯಾರಿಂದ ಕೊಂಡಿರಿ ಎಂಬುದನ್ನೂ ಹೇಳಲೇಬೇಕು, 18ಎ ಕಲಂ ಅದಕ್ಕೇ ಇದೆ.

ಲೈಸೆನ್ಸ್ ಯಾಕೆ ರದ್ದು ಮಾಡಬಾರದು ಎಂದು ಕೇಳುವ ಶೋಕಾಸ್ ನೋಟಿಸ್ ಬೇರೆ ದಾರಿಯದು. ಅದಕ್ಕೆ ನೋಟಿಸಿನ ಪ್ರತಿ ಅಂಶಕ್ಕೂ ದಾಖಲೆ ಸಮೇತ ಉತ್ತರ ಕೊಡಿ. ಆದೇಶ ವಿರುದ್ಧವಾದರೆ ಈ ಕಾಯ್ದೆಯಡಿಯ ಔಷಧ ನಿಯಮಗಳ 66ನೇ ನಿಯಮದಂತೆ ಮೂರು ತಿಂಗಳೊಳಗೆ ರಾಜ್ಯ ಸರ್ಕಾರಕ್ಕೆ ಮೇಲ್ಮನವಿ ಸಲ್ಲಿಸಬಹುದು. ಆದರೆ ಫಾರ್ಮಾಸಿಸ್ಟ್ ಸರ್ಟಿಫಿಕೇಟ್ ಬಾಡಿಗೆಗೆ ತಂದು ಗೋಡೆಗೆ ನೇತುಹಾಕಿದ್ದರೆ ಎಂಥ ವಕೀಲರಿಗೂ ಕಷ್ಟ. ರೋಗಿಗೆ ಅದು ಇನ್ನೂ ಅಪಾಯ, ಅಲ್ವಾ?

ಫೀಸಿನ ಚಿಂತೆ ಇರುವ ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಅರ್ಜಿ ಕೊಡಬಹುದು. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯಡಿ ಅವರಿಗೆ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರು ಸಿಗುತ್ತಾರೆ. ಹೋಗುವಾಗ ಫಾರಂ 17, ವರದಿ, ಪರ್ಚೇಸ್ ಬಿಲ್, ಲೈಸೆನ್ಸ್ ಪ್ರತಿ ಜೊತೆಗಿರಲಿ.