ಹಳದಿ ಲಕೋಟೆ ಬಂದಾಗ: ಮ್ಯೂನಿಕ್‌ನ ಆಮ್ಟ್ಸ್‌ಗೆರಿಖ್ಟ್ ಬಗ್ಗೆ ಹೊಸಬರಿಗೆ

ಕೋರ್ಟು ಅಂದ ತಕ್ಷಣ ನಮ್ಮವರಿಗೆ ಎದೆ ಧಸಕ್ ಅನ್ನುತ್ತದೆ. ಊರಲ್ಲಿ ಕೋರ್ಟಿನ ಮೆಟ್ಟಿಲು ಹತ್ತದೇ ಬದುಕಿದವರು ನಾವು. ಆದರೆ ಜರ್ಮನಿಯಲ್ಲಿ ಆಮ್ಟ್ಸ್‌ಗೆರಿಖ್ಟ್ ಅಂದರೆ ದಿನನಿತ್ಯದ ಬದುಕಿಗೆ ಹತ್ತಿರದ ಕಚೇರಿ. ಮನೆ ಕೊಂಡರೆ ಅದರ ದಾಖಲೆ ಇರುವುದು ಅಲ್ಲಿ. ಸಂಘ ಕಟ್ಟಿದರೆ ನೋಂದಣಿಯೂ ಅಲ್ಲೇ. ಮನೆ ಮಾಲೀಕರು ಡೆಪಾಸಿಟ್ ವಾಪಸ್ ಕೊಡದಿದ್ದರೆ ದಾವೆ ಹಾಕುವುದೂ ಅಲ್ಲೇ. ನಮ್ಮ ತಾಲೂಕಿನ ಮುನ್ಸಿಫ್ ಕೋರ್ಟಿಗೆ ಸಬ್‌ರಿಜಿಸ್ಟ್ರಾರ್ ಕಚೇರಿಯನ್ನೂ ಸೇರಿಸಿದ ಹಾಗೆ ಅಂದುಕೊಳ್ಳಿ.

ಈ ವ್ಯವಸ್ಥೆ ಹಳೆಯದು. 1862ರವರೆಗೆ ಬವೇರಿಯಾದ ಹಳ್ಳಿಗಾಡಿನಲ್ಲಿ ಆಡಳಿತವೂ ನ್ಯಾಯವೂ ಒಂದೇ ಕಚೇರಿಯ ಕೈಯಲ್ಲಿದ್ದವು. ಆಳುವವರೇ ತೀರ್ಪೂ ಕೊಡುತ್ತಿದ್ದರು. ಆ ವರ್ಷ ಎರಡನ್ನೂ ಬೇರೆ ಮಾಡಿದರು. 1871ರಲ್ಲಿ ಜರ್ಮನಿ ಒಂದಾದ ಮೇಲೆ, 1877ರಲ್ಲಿ ಇಡೀ ದೇಶಕ್ಕೆ ಒಂದೇ ನ್ಯಾಯಾಲಯ ಕಾಯ್ದೆ ಬಂತು. ಅದು ಜಾರಿಯಾದ 1879ರ ಅಕ್ಟೋಬರ್ 1ರಿಂದ ಎಲ್ಲ ಕಡೆ ಆಮ್ಟ್ಸ್‌ಗೆರಿಖ್ಟ್ ಎಂಬ ಹೆಸರು ನಿಂತಿತು. ತಿದ್ದುಪಡಿ ಬಹಳ ಆಗಿವೆ, ಆದರೂ ಇವತ್ತಿಗೂ ನಡೆಯುತ್ತಿರುವುದು ಅದೇ ಕಾಯ್ದೆ. ಮ್ಯೂನಿಕ್‌ನದು ದೇಶದಲ್ಲೇ ಅತಿ ದೊಡ್ಡ ಆಮ್ಟ್ಸ್‌ಗೆರಿಖ್ಟ್. ಅದರ ಒಂದು ಕಟ್ಟಡ ಪಾಚೆಲ್ಲಿ ರಸ್ತೆಯ ಮ್ಯಾಕ್ಸ್‌ಬುರ್ಗ್‌ನಲ್ಲಿದೆ. ಯುದ್ಧದಲ್ಲಿ ಹಾಳಾದ ಹಳೆಯ ಅರಮನೆಯ ಜಾಗ ಅದು. ಉಳಿದ ಗೋಪುರವನ್ನು ಹಾಗೇ ಬಿಟ್ಟು 1950ರ ದಶಕದಲ್ಲಿ ಸುತ್ತಲೂ ಹೊಸದಾಗಿ ಕಟ್ಟಿದ್ದಾರೆ. ಆ ಕಡೆ ಹೋದಾಗ ನೋಡಿ, ಚೆನ್ನಾಗಿದೆ.

ನಿಮ್ಮ ಮನೆ ಯಾವ ಕೋರ್ಟಿಗೆ ಸೇರುತ್ತದೆ ಎಂದು ಮೊದಲೇ ತಿಳಿದುಕೊಳ್ಳಿ. ಮ್ಯೂನಿಕ್ ನಗರ ಮತ್ತು ಮ್ಯೂನಿಕ್ ಜಿಲ್ಲೆ ಎರಡೂ ಇದರ ವ್ಯಾಪ್ತಿ. ಹಾಗಾಗಿ ಗಾರ್ಶಿಂಗ್, ಉಂಟರ್‌ಹಾಶಿಂಗ್, ಒಟ್ಟೊಬ್ರುನ್‌ನಲ್ಲಿ ಇರುವವರೂ ಇಲ್ಲಿಗೇ ಬರಬೇಕು. ಬಾಡಿಗೆ ಕಡಿಮೆ ಅಂತ ಗೆರ್ಮೆರಿಂಗ್ ಅಥವಾ ಪುಖ್‌ಹೈಮ್‌ಗೆ ಹೋದವರಿಗೆ ಫ್ಯುರ್ಸ್ಟೆನ್‌ಫೆಲ್ಡ್‌ಬ್ರುಕ್ ಕೋರ್ಟು. ಡಾಖಾವ್, ಫ್ರೈಸಿಂಗ್, ಎರ್ಡಿಂಗ್‌ಗೆ ಅವರವರದೇ ಇದೆ. ಬಾಡಿಗೆ ಮನೆಯ ಜಗಳಕ್ಕೆ ಮನೆ ಎಲ್ಲಿದೆಯೋ ಅಲ್ಲಿನ ಕೋರ್ಟೇ. ಮೊತ್ತ ಎಷ್ಟೇ ಇದ್ದರೂ ಅದು ಆಮ್ಟ್ಸ್‌ಗೆರಿಖ್ಟ್‌ನಲ್ಲೇ ಶುರುವಾಗುತ್ತದೆ. ಬೇರೆ ಹಣದ ದಾವೆಗಳಿಗೆ ಮಾತ್ರ ಮಿತಿ ಇದೆ. 2025ರ ಕೊನೆಯವರೆಗೆ ಅದು 5,000 ಯೂರೋ ಇತ್ತು. 2026ರ ಜನವರಿಯಿಂದ 10,000 ಯೂರೋ. ಇಂಥ ದಾವೆಗಳಿಗೆ ವಕೀಲರು ಕಡ್ಡಾಯವಲ್ಲ, ಆದರೆ ವಿಚ್ಛೇದನದ ಅರ್ಜಿಗೆ ವಕೀಲರು ಬೇಕೇ ಬೇಕು.

ಈಗ ಹಳದಿ ಲಕೋಟೆಯ ವಿಷಯ. ದಯವಿಟ್ಟು ಇದನ್ನು ಪೂರ್ತಿ ಓದಿ. ಜಿಮ್ ಅಥವಾ ಮೊಬೈಲ್ ಕಂಪನಿ ‘ನೀವು ಇಷ್ಟು ಬಾಕಿ’ ಎಂದು ಅರ್ಜಿ ಹಾಕಿದರೆ ಕೋರ್ಟಿನಿಂದ ಹಳದಿ ಲಕೋಟೆಯಲ್ಲಿ ಮಾನ್‌ಬೆಶೈಡ್, ಅಂದರೆ ಬಾಕಿ ಕಟ್ಟಿ ಎಂಬ ಆದೇಶ, ಬರುತ್ತದೆ. ಬಾಕಿ ನಿಜವೋ ಸುಳ್ಳೋ ಎಂದು ಕೋರ್ಟು ಆಗ ನೋಡಿರುವುದಿಲ್ಲ. ಅದನ್ನು ಹೇಳಬೇಕಾದವರು ನೀವು. ಒಪ್ಪಿಗೆ ಇಲ್ಲದಿದ್ದರೆ ಜೊತೆಗಿರುವ ಫಾರ್ಮ್ ತುಂಬಿ ಎರಡು ವಾರದೊಳಗೆ ಆಕ್ಷೇಪಣೆ ಕಳಿಸಿ. ಕಾರಣ ಬರೆಯಬೇಕಿಲ್ಲ. ಸುಮ್ನೆ ಬಿಟ್ಟರೆ ಜಾರಿ ಆದೇಶ ಬರುತ್ತದೆ. ಅದಕ್ಕೂ ಎರಡು ವಾರ ಸಮಯವಿದೆ, ಆದರೆ ಅಷ್ಟರೊಳಗೇ ವಸೂಲಿ ಶುರುವಾಗಬಹುದು. ಬವೇರಿಯಾದ ಕಂಪನಿಗಳ ಮಾನ್‌ಬೆಶೈಡ್ ಕೋಬುರ್ಗ್‌ನಿಂದ, ಬರ್ಲಿನ್‌ನವರದು ವೆಡ್ಡಿಂಗ್‌ನಿಂದ ಬರುತ್ತದೆ. ಕೇಳದ ಊರಿನ ಹೆಸರಿದೆ ಎಂದು ಮೋಸದ ಪತ್ರ ಅಂದುಕೊಂಡು ಬಿಸಾಡಬೇಡಿ. ಅನುಮಾನವಿದ್ದರೆ ಆ ಕೋರ್ಟಿನ ಅಧಿಕೃತ ವೆಬ್‌ಸೈಟಿನಲ್ಲಿರುವ ನಂಬರಿಗೆ ಫೋನ್ ಮಾಡಿ. ಅಪರಾಧಕ್ಕೆ ದಂಡ ಹಾಕುವ ಕೋರ್ಟಿನ ಆದೇಶ ಸ್ಟ್ರಾಫ್‌ಬೆಫೇಲ್‌ಗೂ ಗಡುವು ಎರಡೇ ವಾರ. ಅದು ಬಂದರೆ ಅವತ್ತೇ ವಕೀಲರನ್ನು ಹುಡುಕಿ.

ಪೋಸ್ಟಿನವರು ಲಕೋಟೆಯ ಮೇಲೆ ಬರೆದ ತಾರೀಕಿನಿಂದ ದಿನ ಎಣಿಸಬೇಕು. ಲಕೋಟೆ ಎಸೆಯಬೇಡಿ. ನೀವು ಮನೆಯಲ್ಲಿ ಇಲ್ಲದಿದ್ದರೂ ನಿಮ್ಮ ಪತ್ರದ ಡಬ್ಬಕ್ಕೆ ಹಾಕಿದರೆ ಅದು ತಲುಪಿದ ಹಾಗೇ ಲೆಕ್ಕ. ರಜೆಗೆ ಊರಿಗೆ ಹೋಗಿ ಆರು ವಾರ ಇರುತ್ತೀರಿ ಅಲ್ವಾ, ಆಗ ನಂಬಿಕೆಯ ಯಾರಿಗಾದರೂ ಡಬ್ಬದ ಕೀಲಿ ಕೊಟ್ಟು ಹೋಗಿ. ಗಡುವು ಮೀರಿದ್ದು ಊರಿಂದ ಬಂದ ಮೇಲೆ ಗೊತ್ತಾದರೂ ಕೈ ಚೆಲ್ಲಬೇಡಿ. ನಿಮ್ಮ ತಪ್ಪಿಲ್ಲದೆ ತಪ್ಪಿದ್ದಕ್ಕೆ ಅವಕಾಶ ಕೇಳುವ ದಾರಿ ಇದೆ, ಆದರೆ ಅದಕ್ಕೂ ಗಡುವು ಬಹಳ ಚಿಕ್ಕದು. ಇನ್ನೊಂದು ಮಾತು: ನಮ್ಮಲ್ಲಿ ಗಂಡನ ಹೆಸರಿನ ಕೊನೆಗೆ ಊರು, ಹೆಂಡತಿಯದಕ್ಕೆ ತಂದೆಯ ಹೆಸರು ಇರುವುದು ಮಾಮೂಲು. ಪಾಸ್‌ಪೋರ್ಟಿನಲ್ಲಿ ಇರುವ ಹಾಗೇ ಇಬ್ಬರ ಹೆಸರೂ ಡಬ್ಬದ ಮೇಲೆ ಇರಲಿ.

ವಕೀಲರಿಗೆ ಕೊಡಲು ದುಡ್ಡಿಲ್ಲದ ವಿದ್ಯಾರ್ಥಿಗಳು, ಕೆಲಸ ಕಳೆದುಕೊಂಡವರು ಆಮ್ಟ್ಸ್‌ಗೆರಿಖ್ಟ್‌ನಲ್ಲೇ ಬೆರಾಟುಂಗ್ಸ್‌ಹಿಲ್ಫೆಗೆ, ಅಂದರೆ ಕಾನೂನು ಸಲಹೆಯ ನೆರವಿಗೆ, ಅರ್ಜಿ ಹಾಕಬಹುದು. ಸಿಕ್ಕರೆ ವಕೀಲರ ಸಲಹೆಗೆ ನೀವು ಕೊಡಬೇಕಾದದ್ದು ಹೆಚ್ಚೆಂದರೆ 15 ಯೂರೋ. ಆದಾಯ, ಬಾಡಿಗೆ, ಬ್ಯಾಂಕ್ ಖಾತೆಯ ಕಾಗದಗಳನ್ನು ತೆಗೆದುಕೊಂಡು ಹೋಗಿ. ಕೋರ್ಟಿನ ಭಾಷೆ ಜರ್ಮನ್. ಹಾಗಾಗಿ ಜರ್ಮನ್ ಬರುವವರು ಜೊತೆಗಿರಲಿ. ಬೇಕಾದರೆ ನಮ್ಮ ಸಂಘಕ್ಕೆ ಬರೆಯಿರಿ, ಯಾರನ್ನಾದರೂ ಕಳಿಸಲು ಪ್ರಯತ್ನಿಸುತ್ತೇವೆ.

ವೀಸಾ, ವಾಸದ ಪರವಾನಗಿಯ ತಕರಾರು ಇಲ್ಲಿಗೆ ಬರುವುದಿಲ್ಲ, ಅದು ಆಡಳಿತ ನ್ಯಾಯಾಲಯಕ್ಕೆ. ಕೆಲಸದಿಂದ ತೆಗೆದರೆ ಕಾರ್ಮಿಕ ನ್ಯಾಯಾಲಯಕ್ಕೆ ಹೋಗಬೇಕು. ಅಲ್ಲಿ ದಾವೆ ಹಾಕಲು ವಜಾ ಪತ್ರ ಕೈಸೇರಿದ ದಿನದಿಂದ ಮೂರು ವಾರ ಮಾತ್ರ ಸಮಯ.