ಎಪಿಐವ್ಯೂಗೆ ಹುಡುಕಾಟ ಜೋಡಿಸಿದ ನನ್ನ ಅನುಭವ

ಪೈಥಾನ್‌ನಲ್ಲಿ ವೆಬ್ ಎಪಿಐ ಕಟ್ಟುವ ಸಾಧನವಾದ ಜಾಂಗೋ ರೆಸ್ಟ್ ಫ್ರೇಮ್‌ವರ್ಕ್‌ನಲ್ಲಿ ನೇರವಾಗಿ ಎಪಿಐವ್ಯೂ ಎಂಬ ಮೂಲ ಕ್ಲಾಸ್ ಮೇಲೆ ಕಟ್ಟಿದ ವ್ಯೂಗೆ (ಕೋರಿಕೆಗೆ ಉತ್ತರ ಕೊಡುವ ಕೋಡಿಗೆ) ಹುಡುಕಾಟ ಬೇಕಿದ್ದರೆ ಅದನ್ನು ಜೆನೆರಿಕ್ ವ್ಯೂ (ಸಾಮಾನ್ಯ ಕೆಲಸಗಳನ್ನು ಮೊದಲೇ ಜೋಡಿಸಿಕೊಟ್ಟ ವ್ಯೂ) ಆಗಿ ಮತ್ತೆ ಬರೆಯಬೇಕು, ಇಲ್ಲವೇ ಹುಡುಕಾಟಕ್ಕೆಂದೇ ಬೇರೆ ಸರ್ವರ್ ಇಡಬೇಕು ಎಂದು ತಂಡದ ಹಿರಿಯರು ಪಟ್ಟು ಹಿಡಿದಿದ್ದರು. ನಾನು ಎರಡನ್ನೂ ಮಾಡಲಿಲ್ಲ. ಸುಮಾರು ನಾಲ್ಕು ಲಕ್ಷ ದಾಖಲೆಗಳ ಮೇಲೆ ಅದೇ ವ್ಯೂ ಎಂಟು ತಿಂಗಳಿನಿಂದ ತಕರಾರಿಲ್ಲದೆ ನಡೆಯುತ್ತಿದೆ.

ಮೊದಲ ದಿನ ಕ್ಲಾಸಿನಲ್ಲಿ ಯಾವ ಫಿಲ್ಟರ್ ಎಂದು ಹೇಳುವ ಫಿಲ್ಟರ್_ಬ್ಯಾಕೆಂಡ್ಸ್, ಯಾವ ಕಾಲಮ್‌ಗಳಲ್ಲಿ ಹುಡುಕಬೇಕೆಂದು ಹೇಳುವ ಸರ್ಚ್_ಫೀಲ್ಡ್ಸ್ ಎರಡನ್ನೂ ಬರೆದು ಕಾದೆ. ದೋಷ ಸಂದೇಶ ಬರಲಿಲ್ಲ, ಆದರೆ ಯಾವ ಪದ ಕೊಟ್ಟರೂ ಪೂರ್ತಿ ಪಟ್ಟಿಯೇ ಬರುತ್ತಿತ್ತು. ಅವುಗಳನ್ನು ಓದುವ ಕೆಲಸ ಜೆನೆರಿಕ್ ವ್ಯೂಗಳ ಮೂಲ ಕ್ಲಾಸ್ ಆದ ಜೆನೆರಿಕ್‌ಎಪಿಐವ್ಯೂನದು, ಎಪಿಐವ್ಯೂ ಅವುಗಳತ್ತ ತಿರುಗಿಯೂ ನೋಡುವುದಿಲ್ಲ ಎಂಬುದು ಹೊಳೆಯುವಷ್ಟರಲ್ಲಿ ಸಂಜೆಯಾಗಿತ್ತು. ಆಮೇಲೆ ಗೆಟ್ ಮೆಥಡ್‌ನೊಳಗೆ ಹುಡುಕಾಟ ನಡೆಸುವ ಸಿದ್ಧ ಕ್ಲಾಸ್ ಆದ ಸರ್ಚ್‌ಫಿಲ್ಟರ್‌ನ ಆಬ್ಜೆಕ್ಟನ್ನು ನಾನೇ ಸೃಷ್ಟಿಸಿ, ಅದರ ಫಿಲ್ಟರ್_ಕ್ವೆರಿಸೆಟ್‌ಗೆ ರಿಕ್ವೆಸ್ಟ್, ಕ್ವೆರಿಸೆಟ್ (ಡೇಟಾಬೇಸ್‌ನಿಂದ ತರುವ ದಾಖಲೆಗಳ ಗುಂಪು), ಸೆಲ್ಫ್ (ಅಂದರೆ ಆ ವ್ಯೂ) ಈ ಮೂರನ್ನು ಒಪ್ಪಿಸಿದೆ. ಕೆಲಸ ಅಷ್ಟೇ, ಒಂದು ಸಾಲು. ಆದರೂ ಪೂರ್ತಿ ಪಟ್ಟಿ ತಪ್ಪಲಿಲ್ಲ, ಏಕೆಂದರೆ ಕೋಡು ತಿದ್ದುವ ಭರದಲ್ಲಿ ಸರ್ಚ್_ಫೀಲ್ಡ್ಸ್ ಅನ್ನು ಮೆಥಡ್‌ನೊಳಗಿನ ವೇರಿಯಬಲ್ ಮಾಡಿಬಿಟ್ಟಿದ್ದೆ. ಸರ್ಚ್‌ಫಿಲ್ಟರ್ ಅದನ್ನು ವ್ಯೂ ಮೇಲೆ ಹುಡುಕಿ, ಸಿಗದಿದ್ದರೆ ಕ್ವೆರಿಸೆಟ್ಟನ್ನು ಇದ್ದಂತೆಯೇ ಹಿಂದಿರುಗಿಸುತ್ತದೆ. ಅದನ್ನು ಮತ್ತೆ ಕ್ಲಾಸಿಗೆ ಸೇರಿಸಿದಾಗ ಸರಿಹೋಯಿತು. ಪುಟಗಳಾಗಿ ಒಡೆಯುವ ಮೊದಲೇ ಹುಡುಕಾಟ ಮುಗಿದಿರಬೇಕೆಂದು ನಿಮಗೆ ಹೇಳಬೇಕಾಗಿಲ್ಲ.

ಹಣ ಹೋದದ್ದು ವೇಗದ ಬೆನ್ನು ಹತ್ತಿದಾಗ. ಒಂದು ಹುಡುಕಾಟಕ್ಕೆ ಮೂರು ಸೆಕೆಂಡಿನಷ್ಟು ಹಿಡಿಯುತ್ತಿದ್ದುದರಿಂದ ಡೇಟಾಬೇಸ್ ಯಂತ್ರವನ್ನು ದೊಡ್ಡದು ಮಾಡಿಸಿದೆ. ಎರಡು ತಿಂಗಳು ಇಮ್ಮಡಿ ಬಿಲ್ಲು ಕಟ್ಟಿದರೂ ಉಳಿತಾಯವಾದದ್ದು ಅರ್ಧ ಸೆಕೆಂಡು. ಕೊನೆಗೆ ಕ್ವೆರಿಯನ್ನೇ ಬಿಡಿಸಿ ನೋಡಿದೆ. ನಮ್ಮ ಡೇಟಾಬೇಸ್ ಆದ ಪೋಸ್ಟ್‌ಗ್ರೆಸ್‌ನಲ್ಲಿ, ಸರ್ಚ್‌ಫಿಲ್ಟರ್ ಬಳಸುವ ಐಕಂಟೇನ್ಸ್ (ದೊಡ್ಡ-ಚಿಕ್ಕ ಅಕ್ಷರ ಲೆಕ್ಕಿಸದ ಹೋಲಿಕೆ) ಎಂಬುದು ಕಾಲಮ್ಮನ್ನು ಅಪ್ಪರ್ (ದೊಡ್ಡಕ್ಷರ) ಮಾಡಿ, ಪದದ ಎರಡೂ ಬದಿಗೆ ಶೇಕಡಾ ಚಿಹ್ನೆ ಇಟ್ಟ ಲೈಕ್ ಷರತ್ತು ಆಗುತ್ತದೆ, ಅದಕ್ಕೆ ಸಾಮಾನ್ಯ ಇಂಡೆಕ್ಸ್ (ದಾಖಲೆಗಳನ್ನು ಬೇಗ ಹುಡುಕಿಕೊಡುವ ಸೂಚಿ) ಒದಗುವುದಿಲ್ಲ. ಪಠ್ಯವನ್ನು ಮೂರಕ್ಷರದ ತುಣುಕುಗಳಾಗಿ (ಟ್ರೈಗ್ರಾಮ್) ಒಡೆಯುವ ಪಿಜಿ_ಟಿಆರ್‌ಜಿಎಂ ವಿಸ್ತರಣೆ ಹಾಕಿ ಜಿನ್ ಎಂಬ ಬಗೆಯ ಇಂಡೆಕ್ಸ್ ಕಟ್ಟಿದೆ; ಮೊದಲ ಸಲ ಬರಿಯ ಕಾಲಮ್ ಮೇಲೆ ಕಟ್ಟಿದ್ದರಿಂದ ಪ್ಲಾನರ್ (ಕ್ವೆರಿ ನಡೆಸುವ ದಾರಿ ಆರಿಸುವ ಡೇಟಾಬೇಸ್‌ನ ಭಾಗ) ಅದನ್ನು ಮುಟ್ಟಲಿಲ್ಲ, ಅಪ್ಪರ್ ಮಾಡಿದ ರೂಪದ ಮೇಲೆ ಕಟ್ಟಿದಾಗ ಸಮಯ ಅರವತ್ತು ಮಿಲಿಸೆಕೆಂಡಿನ ಆಸುಪಾಸಿಗೆ ಇಳಿಯಿತು. ಮರುದಿನವೇ ಹಳೆಯ ಯಂತ್ರಕ್ಕೆ ಮರಳಿದೆವು. ಎರಡಕ್ಷರದ ಪದಗಳಿಗೆ ಟ್ರೈಗ್ರಾಮ್ ನೆರವಾಗದ ಕಾರಣ ಮೂರಕ್ಕಿಂತ ಕಡಿಮೆ ಇದ್ದರೆ ಹುಡುಕಾಟವನ್ನೇ ತಡೆದಿದ್ದೇನೆ. ಸಿಕ್ಕ ಫಲಿತಾಂಶಗಳಲ್ಲಿ ಯಾವುದು ಮೇಲೆ ಬರಬೇಕೆಂಬ ಲೆಕ್ಕಾಚಾರವೂ ಒಂದಿದೆ. ಬಹಳ ದುಡಿದು ಕಂಡುಕೊಂಡದ್ದು, ಸದ್ಯಕ್ಕೆ ಅದು ನನ್ನಲ್ಲಿಯೇ ಇರಲಿ.

ನಡುವೆ ಇನ್ನೊಂದು ಪ್ರಯೋಗವನ್ನೂ ಮಾಡಿದೆ. ಕೆಲವು ಕನ್ನಡ ಶೀರ್ಷಿಕೆಗಳು ಕಣ್ಣೆದುರಿಗಿದ್ದರೂ ಸಿಗುತ್ತಿರಲಿಲ್ಲ. ಅಕ್ಷರಗಳ ಯೂನಿಕೋಡ್ ಸಂಕೇತಗಳನ್ನು ಹೆಕ್ಸ್ ರೂಪದಲ್ಲಿ ತೆಗೆದು ನೋಡಿದರೆ, ಒಂದೆಡೆ ‘ಕೀ’ಯ ದೀರ್ಘ ಒಂದೇ ಸಂಕೇತ, 0ಸಿಸಿ0, ಇನ್ನೊಂದೆಡೆ ಗುಡಿಸು 0ಸಿಬಿಎಫ್, ಅದರ ಹಿಂದೆ ದೀರ್ಘದ ಗುರುತು 0ಸಿಡಿ5. ಪರದೆಯ ಮೇಲೆ ಎರಡೂ ಒಂದೇ. ಸರ್ಚ್‌ಫಿಲ್ಟರ್‌ನಿಂದ ನನ್ನದೊಂದು ಕ್ಲಾಸ್ ಮಾಡಿ, ಗೆಟ್_ಸರ್ಚ್_ಟರ್ಮ್ಸ್‌ನಲ್ಲಿ ಪದಗಳನ್ನು ಎನ್‌ಎಫ್‌ಸಿ ಎಂಬ, ಇಂಥ ಬಿಡಿ ಸಂಕೇತಗಳನ್ನು ಒಂದಾಗಿ ಕೂಡಿಸುವ ಯೂನಿಕೋಡ್ ರೂಪಕ್ಕೆ ತಂದೆ, ಹಳೆಯ ದಾಖಲೆಗಳನ್ನೂ ಒಂದು ರಾತ್ರಿ ಕೂತು ಅದೇ ರೂಪಕ್ಕೆ ತಿರುಗಿಸಿದೆ. ಬೆಳಿಗ್ಗೆ ಅದೇ ಶೀರ್ಷಿಕೆಗಳು ಮೊದಲ ಪುಟದಲ್ಲಿದ್ದವು.