ಪಿಸಾರೊನ ಬಾಲ್ಯವನ್ನು ನಾನು ಬರೆದ ಬಗೆ

ಪೆರುವಿನ ಇಂಕಾ ಸಾಮ್ರಾಜ್ಯವನ್ನು ಕೆಡವಿದ ಸ್ಪೇನಿನ ಫ್ರಾನ್ಸಿಸ್ಕೊ ಪಿಸಾರೊನ ಬಗ್ಗೆ ಕನ್ನಡದಲ್ಲಿ ಲೇಖನಮಾಲೆ ಶುರು ಮಾಡಿದಾಗ, ಮೊದಲ ಕಂತು ಅವನ ಮನೆತನದ್ದೇ ಆಗಬೇಕು ಅಂತ ತೀರ್ಮಾನಿಸಿದೆ. ಯುದ್ಧದ ಕಥೆ ಎಲ್ಲ ಕಡೆ ಸಿಗುತ್ತದೆ. ಆ ಮನುಷ್ಯ ಯಾರ ಮಗ, ಎಂಥ ಊರಿನಿಂದ ಬಂದ ಅನ್ನೋದು ಸಿಗುವುದು ಕಡಿಮೆ. ಸಿಕ್ಕರೂ ಜಾಸ್ತಿ ಅದೇ ಹಂದಿ ಕಥೆ.

ಆ ಕಥೆ ಹೀಗಿದೆ. ಹುಟ್ಟಿದ ಮಗುವನ್ನು ಚರ್ಚಿನ ಬಾಗಿಲಲ್ಲಿ ಬಿಟ್ಟು ಹೋದರು. ಹಂದಿಯೊಂದು ಹಾಲುಣಿಸಿತು. ಬೆಳೆದ ಮೇಲೆ ಹಂದಿ ಕಾಯುತ್ತಿದ್ದ. ಒಂದು ದಿನ ಹಂದಿಗಳು ತಪ್ಪಿಸಿಕೊಂಡವು, ಬೈಗುಳಕ್ಕೆ ಹೆದರಿ ಸೆವಿಲ್‌ಗೆ ಓಡಿಹೋದ. ಇದನ್ನು 1552ರಲ್ಲಿ ಅಚ್ಚು ಹಾಕಿಸಿದವನು ಲೋಪೆಸ್ ದೆ ಗೊಮಾರ.

ಯಾವ ಮಾತನ್ನು ಟಿಪ್ಪಣಿ ಮಾಡಿಕೊಂಡರೂ ಅದರ ಪಕ್ಕದಲ್ಲಿ ಮೂರು ವಿಷಯ ಬರೆಯುವುದು ನನ್ನ ರೂಢಿ: ಹೇಳಿದವನು ಯಾರು, ಯಾವಾಗ ಹೇಳಿದ, ಯಾರ ಮನೆ ಉಪ್ಪು ತಿಂದವನು. ಗೊಮಾರ, ಮೆಕ್ಸಿಕೊ ಗೆದ್ದ ಎರ್ನಾನ್ ಕೊರ್ತೆಸ್‌ನ ಮನೆಯ ಪಾದ್ರಿಯಾಗಿದ್ದವನು. ಅಮೆರಿಕಕ್ಕೆ ಕಾಲಿಟ್ಟವನೇ ಅಲ್ಲ. ಅವನು ಬರೆಯುವ ಹೊತ್ತಿಗೆ ಪಿಸಾರೊ ಕೊಲೆಯಾಗಿ 11 ವರ್ಷ ಕಳೆದಿತ್ತು. ತನ್ನ ಯಜಮಾನನ ಎದುರು ಇನ್ನೊಬ್ಬ ವಿಜೇತನನ್ನು ಸಣ್ಣವನಾಗಿ ತೋರಿಸುವ ಆಸೆ ಅಲ್ಲಿ ಎದ್ದು ಕಾಣುತ್ತದೆ. ಹಂದಿ ಕಾದಿದ್ದರೂ ಅದರಲ್ಲಿ ಅವಮಾನವೇನಿದೆ? ಪಿಸಾರೊ ಹುಟ್ಟಿದ್ದು ಸ್ಪೇನಿನ ಎಸ್ತ್ರೆಮದುರಾ ಸೀಮೆಯ ತ್ರುಹಿಯೊ ಊರಿನಲ್ಲಿ, 1470ರ ದಶಕದಲ್ಲಿ. ಓಕ್ ಮರಗಳ ಕೆಳಗೆ ಉದುರಿದ ಕಾಯಿ ತಿಂದು ಹಂದಿಗಳು ಕೊಬ್ಬುವ ಸೀಮೆ ಅದು, ಇವತ್ತಿಗೂ.

ಹಾಗಾಗಿ ಹಂದಿಯನ್ನು ಬದಿಗಿಟ್ಟು ದಾಖಲೆ ಹಿಡಿದೆ. 1529ರಲ್ಲಿ ಪಿಸಾರೊಗೆ ಸಾಂತಿಯಾಗೊ ಎಂಬ ವೀರರ ಸಂಘದ ಸದಸ್ಯತ್ವ ಕೊಡುವ ಮುಂಚೆ ಅವನ ಕುಲದ ವಿಚಾರಣೆ ನಡೆಯಿತು. ತ್ರುಹಿಯೊದ ಜನರನ್ನು ಕೂರಿಸಿ ಕೇಳಿದರು: ಇವನ ಅಪ್ಪ ಯಾರು, ಅಮ್ಮ ಯಾರು, ಅಜ್ಜ-ಅಜ್ಜಿ ಎಂಥವರು? ಸುಮ್ನೆ ಅಲ್ಲ, ಪ್ರಮಾಣ ಮಾಡಿಸಿ. ನನಗೆ ಇದಕ್ಕಿಂತ ಒಳ್ಳೆಯ ಆಧಾರ ಬೇಕಿರಲಿಲ್ಲ. ಅಪ್ಪ ಗೊನ್ಸಾಲೊ ಪಿಸಾರೊ, ಇಟಲಿಯಲ್ಲೂ ನವಾರಾದಲ್ಲೂ ಕಾದಾಡಿದ ಕಾಲಾಳು ಪಡೆಯ ಕ್ಯಾಪ್ಟನ್, ಊರಿನ ಗಣ್ಯ ಮನೆತನದವನು. ಅಮ್ಮ ಫ್ರಾನ್ಸಿಸ್ಕಾ ಗೊನ್ಸಾಲೆಸ್, ಸನ್ಯಾಸಿನಿಯರ ಮಠದಲ್ಲಿ ಕೆಲಸಕ್ಕಿದ್ದ ಬಡ ಹುಡುಗಿ. ಇಬ್ಬರಿಗೂ ಮದುವೆ ಆಗಲಿಲ್ಲ.

ನಾನು ಜಾಸ್ತಿ ಹೊತ್ತು ಕೂತಿದ್ದು ಅಪ್ಪನ ಉಯಿಲಿನ ಮುಂದೆ. 1522ರಲ್ಲಿ ಸಾಯುವ ಮುಂಚೆ ಅವನು ಬರೆಸಿದ್ದು. ಮದುವೆಯ ಹೆಂಡತಿಯ ಮಗ ಎರ್ನಾಂದೊ ಅಲ್ಲಿದ್ದಾನೆ. ಮದುವೆಯಾಚೆ ಹುಟ್ಟಿದ ಹುವಾನ್ ಮತ್ತು ಗೊನ್ಸಾಲೊ ಕೂಡ ಇದ್ದಾರೆ. ಫ್ರಾನ್ಸಿಸ್ಕೊನ ಹೆಸರು ಮಾತ್ರ ಇಲ್ಲ. ನನ್ನ ಮಟ್ಟಿಗೆ ಅವನ ಬಾಲ್ಯದ ತಿರುಳು ಇಲ್ಲೇ ಇದೆ. ಮದುವೆಯಾಚೆಯ ಮಕ್ಕಳಿಗೆ ಆ ಮನೆಯಲ್ಲಿ ಜಾಗ ಇತ್ತು, ಇವನೊಬ್ಬನಿಗೆ ಇರಲಿಲ್ಲ. ಆಸ್ತಿ ಇಲ್ಲ, ಶಾಲೆಯೂ ಇಲ್ಲ. ಕೊನೆಯವರೆಗೂ ಓದು ಬರಹ ಬರಲಿಲ್ಲ. ಗವರ್ನರ್ ಆದ ಮೇಲೂ ಕಾಗದಕ್ಕೆ ಎರಡು ಸುಳಿ ಗೀಟು ಎಳೆಯುತ್ತಿದ್ದ, ನಡುವೆ ಹೆಸರು ಬರೆಯುತ್ತಿದ್ದವನು ಕಾರ್ಯದರ್ಶಿ.

ಇದರ ಪಕ್ಕದಲ್ಲಿ ಕೊರ್ತೆಸ್‌ನನ್ನು ಇಟ್ಟು ನೋಡಿದೆ. ದೂರದ ಸಂಬಂಧಿ, ಅವನ ತಾಯಿಯೂ ಪಿಸಾರೊ ಮನೆತನದವಳೇ. ಆದರೆ ಅವನಿಗೆ 14ನೇ ವಯಸ್ಸಿಗೇ ಸಲಮಾಂಕಾದಲ್ಲಿ ಓದುವ ಅವಕಾಶ ಸಿಕ್ಕಿತು. 1502ರಲ್ಲಿ ನಿಕೊಲಾಸ್ ದೆ ಒವಾಂದೊನ ಹಡಗುಪಡೆ ಸುಮಾರು 2,500 ಜನರನ್ನು ಹೊತ್ತು ಅಮೆರಿಕಕ್ಕೆ ಹೊರಟಾಗ ಕೊರ್ತೆಸ್ ಕೂಡ ಹೋಗಬೇಕಿತ್ತು. ಹೆಣ್ಣೊಬ್ಬಳನ್ನು ನೋಡಲು ರಾತ್ರಿ ಗೋಡೆ ಹತ್ತಿ ಬಿದ್ದು ಆ ಹಡಗು ತಪ್ಪಿಸಿಕೊಂಡ ಅಂತ ಅದೇ ಗೊಮಾರ ಬರೆಯುತ್ತಾನೆ. ಯಜಮಾನನಿಗೆ ಪ್ರೇಮದ ಕಥೆ, ಇವನಿಗೆ ಹಂದಿ ಹಾಲಿನ ಕಥೆ! ಪಿಸಾರೊ ಅದೇ ಹಡಗುಪಡೆಯಲ್ಲಿ ಹೋದ. ಹೆಸರಾಗಲು ಅವನಿಗೆ ಇನ್ನೂ ಕಾಲು ಶತಮಾನ ಬೇಕಾಯಿತು.

ಕಂತು ಓದಿದ ಒಬ್ಬರು, "ಅಷ್ಟು ಕಷ್ಟಪಟ್ಟವನು ಅಲ್ವಾ, ಪಾಪ" ಅಂದರು. ನಾನು ಒಪ್ಪಲಿಲ್ಲ. 1532ರಲ್ಲಿ ಪೆರುವಿನ ಕಹಮಾರ್ಕಾ ಊರಿನ ಚೌಕದಲ್ಲಿ ಅವನ ಪಡೆಯ ಕೈಯಲ್ಲಿ ಸತ್ತ ಸಾವಿರಾರು ಇಂಕಾ ಜನರಿಗೆ ಅವನ ಬಾಲ್ಯ ಯಾವ ಸಮಾಧಾನವೂ ಅಲ್ಲ. ಬಾಲ್ಯ ಬೇಕಾದದ್ದು ಬೇರೆ ಕಾರಣಕ್ಕೆ. 1529ರಲ್ಲಿ ಪೆರುವನ್ನು ಗೆಲ್ಲಲು ಅನುಮತಿ ಕೊಡುವ ರಾಜಮುದ್ರೆಯ ಪತ್ರ ಹಿಡಿದು ಊರಿಗೆ ಬಂದವನು ಪೆರುವಿಗೆ ಕರೆದುಕೊಂಡು ಹೋದದ್ದು ಯಾರನ್ನು? ಉಯಿಲಿನಲ್ಲಿ ಹೆಸರಿದ್ದ ಆ ಮೂವರು ತಮ್ಮಂದಿರನ್ನು, ಜೊತೆಗೆ ತಾಯಿ ಕಡೆಯ ತಮ್ಮ ಫ್ರಾನ್ಸಿಸ್ಕೊ ಮಾರ್ತಿನ್‌ನನ್ನು. ಕೈಯಲ್ಲಿ ಕಾಸಿಲ್ಲದಿದ್ದರೂ ಜಂಬಕ್ಕೆ ಕೊರತೆಯಿಲ್ಲದ ಅಣ್ಣ-ತಮ್ಮಂದಿರು ಅನ್ನುವ ಅರ್ಥದಲ್ಲಿ ಆ ಕಾಲದ ಚರಿತ್ರೆಕಾರ ಒವಿಯೆದೊ ಬರೆದಿದ್ದಾನೆ. ಮುಂದೆ ಪೆರುವನ್ನು ಹರಿದು ಹಂಚಿಕೊಂಡ ಜಗಳಗಳು ಈ ಮನೆ ಗೊತ್ತಿಲ್ಲದೆ ಅರ್ಥವಾಗುವುದಿಲ್ಲ.

ಇನ್ನೊಂದು ಸಂಗತಿಯನ್ನು, ಕಾಲದಲ್ಲಿ ಬಹಳ ಮುಂದಿನದಾದರೂ, ಬಾಲ್ಯದ ಕಂತಿಗೇ ಸೇರಿಸಿದೆ. ಇಂಕಾ ರಾಜಮನೆತನದ ಹೆಣ್ಣಿನಿಂದ ತನಗೆ ಮದುವೆಯಿಲ್ಲದೆ ಹುಟ್ಟಿದ ಮಗಳು ಫ್ರಾನ್ಸಿಸ್ಕಾಳನ್ನು, ಅವಳು ಇನ್ನೂ ಚಿಕ್ಕವಳಿರುವಾಗಲೇ, ಪಿಸಾರೊ ರಾಜನಿಂದ ಪತ್ರ ತರಿಸಿ ಹಕ್ಕಿನ ಮಗಳನ್ನಾಗಿ ಮಾಡಿಸಿಕೊಂಡ.